ಸೋದರತ್ತೆ ಹೇಳದ ಮಾತು

ಆಗಸ್ಟ್ 24, ಗುರುವಾರ. ಸಂಜೆ

ಅಂಗಡಿಯಲ್ಲಿ ಬೆಳಿಗ್ಗೆಯಿಂದ ಎರಡು ತಲೆ ಜಡೆ ಹೆಣೆದದ್ದು, ಒಂದು ತಲೆ ಬಿಚ್ಚಿದ್ದು. ಮಧ್ಯಾಹ್ನ ಕರೆಂಟ್ ಹೋಯಿತು. ಡ್ರೈಯರ್ ಕೆಳಗೆ ಕೂತಿದ್ದ ಬ್ಯಾಂಕಿನ ಹುಡುಗಿ ಒದ್ದೆ ತಲೆಯಲ್ಲೇ ಎದ್ದು ಹೋಗಿ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡಳು. ರಸ್ತೆಯಲ್ಲಿ ಹಾದುಹೋದವರ ಮನೆಮನೆ ಕಥೆಯನ್ನೆಲ್ಲ ಅಲ್ಲಿಂದಲೇ ಹೇಳಿದಳು. ನಾನೂ ನನ್ನ ಜೊತೆ ಕೆಲಸ ಮಾಡುವ ಜಲಿಯಾನೂ ಕೈಯಲ್ಲಿ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿದೆವು. ಒಳ್ಳೇ ಕಥೆಗಳೇ.

ನಮ್ಮ ಯಹೂದಿ ಪಂಚಾಂಗದ ಎಲೂಲ್ ತಿಂಗಳು ಶುರುವಾಗಿದೆ. ಹೊಸ ವರ್ಷಕ್ಕೆ ಮುಂಚಿನ ತಿಂಗಳು, ತನ್ನನ್ನು ತಾನು ತಿರುಗಿ ನೋಡಿಕೊಳ್ಳುವ ತಿಂಗಳು. ಈ ಸಲ ಗುರು ಎಲ್ಕಾನಾ ನಮಗೆ ಹೆಂಗಸರಿಗೆ ಹೇಳಿದ್ದು — ದಿನಾ ಸಂಜೆ ಕೂತು, ಇವತ್ತು ನನ್ನ ಬಾಯಿಂದ ಏನೇನು ಬಂತು ಅಂತ ಬರೆದು ನೋಡಿ. ಯಾರಿಗೂ ತೋರಿಸಬೇಕಿಲ್ಲ.

ಬರೆದೆ. ನನ್ನ ಬಾಯಿಂದ ಇವತ್ತು ಹೆಚ್ಚೇನೂ ಬಂದಿಲ್ಲ. ಕಿವಿಗೆ ಹೋದದ್ದೇ ಜಾಸ್ತಿ. ಅದೂ ಬರೆಯಬೇಕೆ?

ಆಗಸ್ಟ್ 27, ಭಾನುವಾರ. ಬೆಳಿಗ್ಗೆ

ನಿನ್ನೆ ಸಬ್ಬತ್, ಕೆಲಸವಿಲ್ಲದ, ಬರೆಯಲೂ ಬಾರದ ದಿನ. ಬೆಟ್ಟದ ಮೇಲಿನ ಸಭಾಮಂದಿರದಲ್ಲಿ ಪ್ರಾರ್ಥನೆ, ಬೇಯಿಸಿದ ಬಾಳೆಕಾಯಿಯ ಮಟೋಕೆ, ಹುರುಳಿಯ ಊಟ, ಆಮೇಲೆ ಹಲಸಿನ ಮರದ ಕೆಳಗೆ ಪಾಠ. ಎಲ್ಕಾನಾ ಕಾಫಿ ಬೆಳೆಯುವ ಮನುಷ್ಯ. ಮಾತೂ ಹಾಗೇ, ಹಣ್ಣು ಕಿತ್ತು ಬುಟ್ಟಿಗೆ ಹಾಕಿದಂತೆ, ಒಂದೊಂದೇ.

"ಸುಳ್ಳು ಹೇಳಬಾರದು ಅಂತ ನಿಮಗೆಲ್ಲ ಗೊತ್ತು. ನಾನು ಈ ತಿಂಗಳು ಕೇಳ್ತಿರೋದು ನಿಜದ ಬಗ್ಗೆ. ಇನ್ನೊಬ್ಬರ ವಿಷಯ — ನಿಜಾನೇ ಆಗಿದ್ರೂ — ಅವರಿಲ್ಲದಾಗ ಆಡಬೇಡಿ."

ಹಿಂದಿನಿಂದ ಯಾರೋ ಕೂಗಿದರು. "ಹಾಗಾದ್ರೆ ಪೆನಿನಾ ಅಂಗಡಿ ಬಾಗಿಲು ಹಾಕ್ಕೊಳ್ಳಲಿ ಬಿಡಿ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಲ್ಕಾನಾ ನಗಲಿಲ್ಲ. "ಯಾಕೆ ಹಾಕ್ಕೊಳ್ಳಬೇಕು? ಸಬ್ಬತ್ ಪವಿತ್ರ ಅಂತೀರಿ. ಮಂಗಳವಾರ ಮಧ್ಯಾಹ್ನ ಜಡೆ ಹೆಣೀತಾ ಕೂತಿರ್ತೀರಲ್ಲ, ಆ ಹೊತ್ತು ಯಾರದು? ದೇವರಿಗೆ ಈ ಬೆಟ್ಟ ಒಂದೇ ವಿಳಾಸ ಅಂದ್ಕೊಂಡಿದ್ದೀರಾ?"

ಇಳಿಯುವಾಗ ಅಣ್ಣ ಯೋಥಾಮ್ ಜೊತೆಗೆ ಬಂದ. ಮಗಳು ಹದಸ್ಸಾಗೆ ಗಂಡು ಗೊತ್ತಾದ ಹಾಗೇ. ಎಲ್ದಾದ್. ಬೆಟ್ಟದ ಆಚೆ ಊರಿನ ಬಡಗಿ, ನಮ್ಮವನೇ, ಶುಕ್ರವಾರ ಸಂಜೆಯ ಹಾಡಿಗೆ ಮೊದಲ ದನಿ ಅವನದೇ. ಅಕ್ಟೋಬರಿನ ಪರ್ಣಶಾಲೆಯ ಹಬ್ಬ ಮುಗಿದ ಮೇಲೆ ಮದುವೆ.

"ನೀನು ಸೋದರತ್ತೆ. ಹುಡುಗನ್ನ ವಿಚಾರಿಸೋದು ನಿನ್ನ ಕೆಲಸ" ಅಂದ. "ಅಂಗಡೀಲಿ ಕೂತು ಇಡೀ ಎಂಬಾಲೆ ಪೇಟೆ ಸುದ್ದಿ ಕೇಳ್ತೀಯ. ಇದೊಂದು ಕೇಳಕ್ಕಾಗಲ್ವಾ?"

ಒಬ್ಬರು ಆಡಬೇಡ ಅನ್ನುತ್ತಾರೆ, ಇನ್ನೊಬ್ಬರು ಕೇಳಿ ಬಂದು ಹೇಳು ಅನ್ನುತ್ತಾರೆ. ಎರಡೂ ಒಂದೇ ದಿನ, ಒಂದೇ ಬೆಟ್ಟ.

ಆಗಸ್ಟ್ 29, ಮಂಗಳವಾರ

ಪ್ರಯತ್ನ ಮಾಡಿದೆ. ಬಾಗಿಲು ತೆಗೆದಾಗಿನಿಂದ ಯಾರ ವಿಷಯವೂ ಇಲ್ಲ. ಮಳೆ, ಕೂದಲು, ಟೊಮ್ಯಾಟೊ.

ಜಲಿಯಾ ಹತ್ತು ಗಂಟೆಯ ತನಕ ತಡೆದಳು. "ಪೆನಿನಕ್ಕಾ, ಗಂಟಲು ನೋವಾ?"

"ಇಲ್ಲ."

"ಯಾರಾದ್ರೂ ಸತ್ರಾ?"

"ಇಲ್ಲ ಕಣೇ."

"ಮತ್ತೇನು, ನಿಮಗೆ ಯಹೂದಿಗಳಿಗೆ ಈಗ ರಂಜಾನಾ? ನಾವು ಊಟ ಬಿಡ್ತೀವಿ, ನೀವು ಮಾತು ಬಿಡ್ತೀರಾ?"

ಜಡೆಗೆ ಕೂತಿದ್ದ ನರ್ಸ್ ಆಕಳಿಸಿದಳು. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದರೆ ಇದೂ ಆಸ್ಪತ್ರೆ ಹಾಗೇ ಇದೆ ಅಂದಳು. ಮಧ್ಯಾಹ್ನ ಊಟ ಆಗಿ ಸ್ವಲ್ಪ ಹೊತ್ತಿಗೆ ಪಾಸ್ಟರ್ ಹೆಂಡತಿಯ ವಿಗ್ ಗಾಳಿಗೆ ಹಾರಿದ ವಿಷಯ ನನ್ನ ಬಾಯಿಂದಲೇ ಹೊರಗೆ ಬಂತು. ಜಲಿಯಾ ಚಪ್ಪಾಳೆ ತಟ್ಟಿದಳು.

ಕೆಟ್ಟ ಮಾತೇನಲ್ಲ. ಆದರೂ ರಸ್ತೆಯಲ್ಲಿ ಆಕೆ ಸಿಕ್ಕಾಗ ತಲೆ ತಗ್ಗಿಸಿದೆ. ಮೊದಲು ತಗ್ಗಿಸುತ್ತಿರಲಿಲ್ಲ.

ಸೆಪ್ಟೆಂಬರ್ 1, ಶುಕ್ರವಾರ. ನಾಲ್ಕು ಗಂಟೆ

ಈದ್. ಜಲಿಯಾ ಇಲ್ಲ. ಅಂಗಡಿ ಬೇಗ ಮುಚ್ಚಿ ಬಂದೆ. ಸಬ್ಬತ್ ರೊಟ್ಟಿಯ ಹಿಟ್ಟು ನಾದಿಟ್ಟಿದ್ದೇನೆ. ನೋಡಿದ್ದನ್ನು ಬರೆಯಲೋ ಬೇಡವೋ... ಇಲ್ಲಿ ಬರೆದರೂ ಆಡಿದ ಹಾಗೆಯೆ? ಕೇಳಬೇಕು. ಯಾರನ್ನು? ಕೇಳಿದರೆ ಆಡಿದ ಹಾಗೇ ಅಲ್ಲವೆ?

ದೀಪ ಹಚ್ಚುವ ಹೊತ್ತಾಯಿತು.

ಸೆಪ್ಟೆಂಬರ್ 3, ಭಾನುವಾರ

ಬರೆಯುತ್ತೇನೆ. ಎದೆಯಲ್ಲಿಟ್ಟುಕೊಂಡರೆ ನಾಳೆ ಜಲಿಯಾ ಮುಂದೆ ಉಕ್ಕೀತು.

ಶುಕ್ರವಾರ ಎಲ್ದಾದನ ತಾಯಿ ತಲೆ ತೊಳೆಸಲು ಬಂದಿದ್ದಳು. ನಾಳೆಯ ಬೀಗಿತ್ತಿ ಅಂತ ನಾನೂ ಸ್ವಲ್ಪ ಹೆಚ್ಚೇ ಉಪಚಾರ ಮಾಡುತ್ತಿದ್ದೆ. ಕೂದಲಿಗೆ ಸುರುಳಿ ಸುತ್ತಿ ಆಗಿತ್ತು. ಅವಳನ್ನು ಕರೆದೊಯ್ಯಲು ಎಲ್ದಾದ್ ಬಂದ. ಕೈಯಲ್ಲಿ ಹಬ್ಬದ ಸಂತೆಯಿಂದ ತಂದ ಕೋಳಿ. ನನಗೆ ನಮಸ್ಕಾರ ಹೇಳಿದ. ಕನ್ನಡಿ ನೋಡಿದ. "ಅಮ್ಮಾ" ಅಂದ — ಅವನ ದನಿಯೇ ಅಲ್ಲ ಅದು. ಹಾಗೇ ಬಿದ್ದ.

ಕೋಳಿ ಅಂಗಡಿ ತುಂಬ ಹಾರಾಡಿತು. ನಾನು ಓಡಿ ಅವನ ಕಾಲು ಹಿಡಿದೆ. "ಹಿಡೀಬೇಡ, ಬಿಡು" ಅಂದಳು ತಾಯಿ. ಗದರಲಿಲ್ಲ. ತಲೆ ತುಂಬ ಸುರುಳಿಗಳು, ಹಾಗೇ ನೆಲದ ಮೇಲೆ ಮಂಡಿಯೂರಿ ಅವನನ್ನು ಮಗ್ಗುಲಿಗೆ ತಿರುಗಿಸಿದಳು. ನನ್ನ ಹೆಗಲ ಟವೆಲ್ ಎಳೆದುಕೊಂಡು ತಲೆಗೆ ಕೊಟ್ಟಳು. ಕಾಲರ್ ಸಡಿಲ ಮಾಡಿದಳು. "ಬಾಗಿಲು ಹಾಕು." ಹಾಕಿದೆ. ಆಮೇಲೆ ಏನೂ ಮಾಡಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು ಕೂತಳು, ಅಷ್ಟೇ. ಅವನ ಮೈ ಒದ್ದಾಡುತ್ತಿತ್ತು. ಅವಳ ಕೈ ಅಲುಗಲಿಲ್ಲ. ಎಷ್ಟು ಸಲ ಹೀಗೆ ಕೂತಿದ್ದಾಳೋ.

ಎಚ್ಚರವಾದಾಗ ಅವನಿಗೆ ಬಟ್ಟೆ ಒದ್ದೆ. ನನ್ನ ಮುಖ ನೋಡಲಿಲ್ಲ. ಒಳಗಿನಿಂದ ಬಣ್ಣದ ಅಚ್ಚಿನ ಕಿಟೆಂಗೆ ಬಟ್ಟೆ ತಂದು ಕೊಟ್ಟೆ, ಸೊಂಟಕ್ಕೆ ಸುತ್ತಿಕೊಂಡು ಹಿಂಬಾಗಿಲಲ್ಲಿ ಹೋದ.

ತಾಯಿ ಹೋಗಲಿಲ್ಲ. "ನೀನು ಏನೂ ನೋಡಿಲ್ಲ" ಅಂದಳು.

"ಎಲ್ದಾದ್ ಅಮ್ಮಾ, ಹದಸ್ಸಾ ನನ್ನ ಸೋದರಸೊಸೆ..."

"ಮೊದಲನೇ ಸಂಬಂಧ ಹೀಗೇ ಹೋಯ್ತು. ದೆವ್ವ ಅಂದ್ರು. ಅವನು ಕುಡಿದ ಲೋಟ ಒಡೆದು ಹಾಕಿದ್ರು, ನನ್ನ ಕಣ್ಣೆದುರೇ. ಈ ತಿಂಗಳು ನೀವೆಲ್ಲ ನಾಲಿಗೆ ಕಾಯೋದು ಕಲೀತಿದ್ದೀರಂತಲ್ಲ? ಕಲಿ. ಇಲ್ಲಿಂದ್ಲೇ ಕಲಿ."

"ಹೂಂ" ಅಂದೆ. ಯಾಕೆ ಹೂಂ ಅಂದೆ?

ಸೆಪ್ಟೆಂಬರ್ 5, ಮಂಗಳವಾರ

ಅಣ್ಣ ಅಂಗಡಿಗೆ ಬಂದ. ಬಾಳೆಗೊನೆ ಇಳಿಸಿ, ನಿಂತೇ ಕೇಳಿದ.

"ವಿಚಾರಿಸಿದ್ಯಾ?"

"ಒಳ್ಳೇ ಹುಡುಗ ಅಣ್ಣಾ."

"ಕುಡೀತಾನಾ?"

"ಇಲ್ಲ."

"ಕೈ ಮಾಡ್ತಾನಾ?"

"ಅಯ್ಯೋ, ಇಲ್ಲ."

"ಬೇರೆ ಹೆಂಗಸು?"

"ಇಲ್ಲ."

"ಮತ್ಯಾಕೆ ಮುಖ ಹಾಗಿದೆ?"

"ಸೆಕೆ."

ಹೋದ, ಸಮಾಧಾನದಲ್ಲಿ. ಸೆಕೆ ಅಂದದ್ದೊಂದು ಬಿಟ್ಟರೆ ಹೇಳಿದ್ದೆಲ್ಲ ನಿಜ. ಸೆಕೆಯೂ ನಿಜವಾಗಿಯೇ ಇತ್ತು. ಅಷ್ಟೂ ನಿಜ ಸೇರಿ ಒಂದು ಸುಳ್ಳಾಗುತ್ತದೆಯೆ?

ಸೆಪ್ಟೆಂಬರ್ 6, ಬುಧವಾರ

ನಮ್ಮ ಧರ್ಮಗ್ರಂಥ ತೋರಾದಲ್ಲಿ ಹುಡುಕಿದೆ. ನಿನ್ನ ಜನರ ನಡುವೆ ಚಾಡಿ ಹೊತ್ತು ತಿರುಗಬೇಡ ಅಂತ ಇದೆ. ಸರಿ. ಅದೇ ಸಾಲಿನಲ್ಲಿ, ಉಸಿರು ತೆಗೆದುಕೊಳ್ಳುವುದರೊಳಗೆ — ನೆರೆಯವನಿಗೆ ಕೇಡಾಗುವಾಗ ಸುಮ್ಮನೆ ನಿಂತು ನೋಡಬೇಡ ಅಂತಲೂ ಇದೆ. ಎರಡೂ ಒಂದೇ ಸಾಲು! ಬರೆಸಿದವನಿಗೆ ನನ್ನ ಅಂಗಡಿ ಗೊತ್ತಿತ್ತೋ ಏನೋ.

ಎಲ್ಕಾನಾರ ತೋಟಕ್ಕೆ ಹೋದೆ. ಚಿಗುರು ಸವರುತ್ತಿದ್ದರು.

"ಒಬ್ಬರಿಗೆ ಒಂದು ವಿಷಯ ಗೊತ್ತು ಅಂತಿಟ್ಕೊಳ್ಳಿ..."

"ಆ ಒಬ್ಬರು ಜಡೆ ಹೆಣೀತಾರಾ?"

ಅವರೇ ಮುಂದುವರಿದು ಕೇಳಿದರು. "ಕಣ್ಣಾರೆ ನೋಡಿದ್ದಾ, ಕೇಳಿದ್ದಾ?"

"ನೋಡಿದ್ದು."

"ಅದು ತಿಳೀದಿದ್ರೆ ಇನ್ನೊಬ್ಬರ ಬದುಕಿಗೆ ಪೆಟ್ಟಾ?"

"ಆಗಬಹುದು. ಆಗದೇನೂ ಇರಬಹುದು."

"ಹೇಳಬೇಕು ಅನ್ನಿಸಿದಾಗ ಒಳಗೊಳಗೆ ಸ್ವಲ್ಪ ಖುಷಿಯಾಗುತ್ತಾ?"

ಇದೆಂಥ ಪ್ರಶ್ನೆ. ಆದರೂ ಹುಡುಕಿ ನೋಡಿದೆ. ಇತ್ತು. ಚೂರೇ ಚೂರು. ನನಗೆ ಮಾತ್ರ ಗೊತ್ತು ಅನ್ನುವ ಬೆಚ್ಚನೆಯದೊಂದು. ಹೇಳಿಬಿಟ್ಟೆ.

"ಹಾಗಾದ್ರೆ ಸದ್ಯಕ್ಕೆ ನೀನು ಹೇಳ್ಬೇಡ. ಅದು ಯಾರ ಮಾತೋ ಅವರ ಹತ್ರ ಹೋಗು. ಅವರ ಬಾಯಿಂದ್ಲೇ ಬರಲಿ."

"ಬರದಿದ್ರೆ?"

"ಆಗ ನೀನು ಹೇಳ್ಲೇಬೇಕು. ಆಗ ಸುಮ್ನಿದ್ರೆ ಅದೇ ತಪ್ಪು."

"ಎಲ್ಲಿವರೆಗೂ ಕಾಯೋದು?"

ಕತ್ತರಿ ನಿಲ್ಲಿಸಿ ಬೆಟ್ಟದ ಕಡೆ ನೋಡಿದರು. "ಅದು ನಂಗೂ ಗೊತ್ತಿಲ್ಲ ಪೆನಿನಾ."

ಗುರುಗಳಿಗೇ ಗೊತ್ತಿಲ್ಲ ಅಂದರೆ ಧೈರ್ಯ ಬರಬೇಕೋ ಹೋಗಬೇಕೋ.

ಸೆಪ್ಟೆಂಬರ್ 8, ಶುಕ್ರವಾರ. ಮಧ್ಯಾಹ್ನ

ಬಾಡಿಗೆ ಬೈಕು ಬೋಡಾ ಹತ್ತಿ ಬೆಟ್ಟದ ಆಚೆ ಹೋಗಿ ಬಂದೆ. ಎಲ್ದಾದ್ ತನ್ನ ಶೆಡ್‌ನಲ್ಲಿ ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ನನ್ನ ಕಂಡವನೇ ಕೈ ನಿಲ್ಲಿಸಿದ. ಮರದ ಸಿಪ್ಪೆ ತೋಳಿಗೆ ಅಂಟಿತ್ತು.

"ಬಟ್ಟೆ ವಾಪಸ್ ಕೊಡಬೇಕಿತ್ತು" ಅಂದ. "ಒಗೆದಿಟ್ಟಿದ್ದೀನಿ."

"ಬಟ್ಟೆಗೆ ಬಂದಿಲ್ಲಪ್ಪ."

"ಗೊತ್ತು." ಮತ್ತೆ ಗೊರಡು ಎಳೆದ. "ಅಮ್ಮನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದೀನಿ, ಯಾರಿಗೂ ಹೇಳಲ್ಲ ಅಂತ."

"ಹದಸ್ಸಾ ಯಾರೋ ಅಲ್ಲವಲ್ಲ. ನಾಳೆ ನಿನ್ನ ಪಕ್ಕ ಮಲಗೋಳು. ಒಂದು ದಿನ ಅವಳೆದುರೇ ಬೀಳ್ತೀಯ. ಅವಳಿಗೆ ಏನು ಮಾಡಬೇಕು ಅಂತ ಗೊತ್ತಿರಬೇಡ್ವಾ?"

"ಹೇಳಿದ್ರೆ ಹೋಗ್ತಾಳೆ."

"ಹೋಗಬಹುದು."

ನಕ್ಕ. ಮೊದಲ ಸಲ ನನ್ನ ಮುಖ ನೋಡಿದ. "ಹೋಗಲ್ಲ ಅಂತ ಹೇಳ್ಬೇಕಿತ್ತು ನೀವು."

ಪಕ್ಕದ ಬೆಂಚಿನ ಮೇಲೆ ಕೂತೆ. ಚೌಕಟ್ಟಿನ ಒಂದು ಬದಿ ಮುಗಿಸಿ ಅವನೇ ಅಂದ. "ಹೇಳ್ತೀನಿ. ಹೊಸ ವರ್ಷದೊಳಗೆ. ಆದ್ರೆ ನಾನೇ ಹೇಳಿದ್ದು ಅಂತ ಅಮ್ಮನಿಗೆ ತಿಳೀಬಾರದು. ಆಣೆ ಮುರಿದೆ ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ. ನಾನೇ ಯಾವತ್ತಾದ್ರೂ ಹೇಳ್ತೀನಿ. ಅಲ್ಲಿವರೆಗೂ ನೀವು..."

"ಆಯ್ತು" ಅಂದೆ.

ತಾಯಿಗೊಂದು ಹೂಂ. ಮಗನಿಗೊಂದು ಆಯ್ತು. ಅಣ್ಣನಿಗೊಂದು ಸೆಕೆ. ನಾಲಿಗೆ ಕಾಯಲು ಹೊರಟವಳ ನಾಲಿಗೆ ಮೂರು ಕಡೆ ಒತ್ತೆ ಬಿದ್ದಿದೆ.

ಸೆಪ್ಟೆಂಬರ್ 10, ಭಾನುವಾರ

ನಿನ್ನೆ ಬೆಟ್ಟದ ಮೇಲೆ ಎಲ್ದಾದ್ ಹಾಡಿದ. ಹೆಂಗಸರ ಕಡೆ ಹದಸ್ಸಾ ನನ್ನ ಪಕ್ಕದಲ್ಲೇ ಕೂತಿದ್ದಳು, ಮಂಡಿ ಮೇಲೆ ತಾಳ ಹಾಕುತ್ತ. ಅವಳ ಮುಖವನ್ನೇ ನೋಡಿದೆ. ಇನ್ನೂ ಹೇಳಿಲ್ಲ.

"ಅತ್ತೆ, ಪುಸ್ತಕ ನೋಡು. ನನ್ನ ಮುಖದಲ್ಲಿ ಪ್ರಾರ್ಥನೆ ಬರೆದಿಲ್ಲ" ಅಂದಳು.

ಸೆಪ್ಟೆಂಬರ್ 13, ಬುಧವಾರ

ಹೇಳಿದ್ದಾನೆ. ಸೋಮವಾರವೇ. ಹದಸ್ಸಾ ತಾಯಿಗೆ ಹೇಳಿದಳು, ತಾಯಿ ಅಣ್ಣನಿಗೆ, ಅಷ್ಟರಲ್ಲಿ ಬಾವಿಕಟ್ಟೆಗೂ ಗೊತ್ತು.

ಅಣ್ಣ ಅಂಗಡಿಗೆ ಬಂದ. ಮೂರು ಜನ ಗಿರಾಕಿ ಕೂತಿದ್ದನ್ನೂ ಲೆಕ್ಕಿಸಲಿಲ್ಲ.

"ನಿಂಗೆ ಗೊತ್ತಿತ್ತು. ಈ ಅಂಗಡೀಲೇ ಬಿದ್ನಂತೆ."

"ಅಣ್ಣಾ, ಒಳಗೆ ಬಾ, ಕೂತ್ಕೊಂಡು..."

"ಏನು ಕೂರೋದು! ಊರವರ ಸುದ್ದಿಗೆ ನಿನ್ನ ಬಾಯಿ ಸಂತೆ. ನನ್ನ ಮಗಳ ವಿಷಯ ಬಂದಾಗ ಬಾಯಿಗೆ ಬೀಗ. ಸೆಕೆ ಅಂದ್ಯಲ್ಲ ನನಗೆ? ಸೆಕೆ!"

"ಅವನೇ ಹೇಳಲಿ ಅಂತ..."

"ಸೋದರತ್ತೆ ಯಾಕಿರೋದು ಹಾಗಾದ್ರೆ? ಕುಣಿಯೋಕಾ ಮದುವೇಲಿ?"

ಹೋದ. ಕೈ ಮುಂದುವರಿಸಿದೆ, ಜಡೆ ಸೊಟ್ಟ ಬಂತು. ಬಿಚ್ಚಿ ಮತ್ತೆ ಹೆಣೆದೆ.

ಸೆಪ್ಟೆಂಬರ್ 14, ಗುರುವಾರ

ಇವತ್ತು ಎಲ್ದಾದನ ತಾಯಿಯ ಸರದಿ. ರಸ್ತೆಯಲ್ಲೇ ನಿಂತಳು, ಹೊಸ್ತಿಲು ದಾಟಲಿಲ್ಲ.

"ನಾಲಿಗೆ ಕಾಯೋದು ಚೆನ್ನಾಗಿ ಕಲಿತೆ ಪೆನಿನಾ! ಹೂಂ ಅಂದ ಬಾಯಿ ಅದೇನಾ? ನನ್ನ ಮಗನ ಬದುಕು ನಿನಗೆ ಬಾಚಣಿಗೆಯಿಂದ ಕಿತ್ತ ಕೂದಲಾ, ಉಂಡೆ ಮಾಡಿ ಬೀದಿಗೆ ಎಸೆಯೋಕೆ? ಇನ್ನು ನಿನ್ನ ಕುರ್ಚಿ ಮೇಲೆ ಸತ್ರೂ ಕೂರಲ್ಲ."

ಎದುರಿನ ಚಪಾತಿ ಅಂಗಡಿಯವನು ಹಂಚು ಬಿಟ್ಟು ನೋಡುತ್ತಿದ್ದ. ನನ್ನ ಬಾಯಲ್ಲಿ ನಾಲ್ಕೇ ಮಾತು ಇತ್ತು: ನಿನ್ನ ಮಗನೇ ಹೇಳಿದ್ದು ತಾಯಿ. ಹಲ್ಲಿನ ತನಕ ಬಂತು. ಅವನ ಶೆಡ್ ಕಣ್ಣಿಗೆ ಬಂತು. ಮುಚ್ಚಿಕೊಂಡೆ.

ಅವಳು ಹೋದ ಮೇಲೆ ಜಲಿಯಾ ನೀರು ತಂದು ಕೊಟ್ಟಳು. "ನೀನು ಹೇಳಿಲ್ಲ ಅಂತ ನಂಗೊತ್ತು ಅಕ್ಕಾ."

"ಹೇಗೆ ಗೊತ್ತು?"

"ನೀನು ಹೇಳೋದಾಗಿದ್ರೆ ಮೊದಲು ನಂಗೇ ಹೇಳ್ತಿದ್ದೆ."

ಅಳುವಾಗಲೂ ನಗು ಬಂತು.

ಒಬ್ಬನಿಗೆ ನಾನು ಆಡದೇ ಕೆಡಿಸಿದವಳು, ಇನ್ನೊಬ್ಬಳಿಗೆ ಆಡಿ ಕೆಡಿಸಿದವಳು. ಇಬ್ಬರನ್ನೂ ಒಂದು ಕಡೆ ಕೂರಿಸಿದರೆ ಅರ್ಧ ತಪ್ಪು ಅಲ್ಲೇ ಬಿದ್ದುಹೋಗುತ್ತದೆ. ಕೂರಿಸುವುದಕ್ಕೂ ಬಾಯಿ ತೆರೆಯಬೇಕಲ್ಲ.

ಬೈಸಿಕೊಂಡು ತಿರುಗಿ ಬೈಯದವರ ಬಗ್ಗೆ ಎಲ್ಕಾನಾ ಒಂದು ಸಲ ಬಹಳ ದೊಡ್ಡ ಮಾತು ಹೇಳಿದ್ದರು. ಅಂಥವರ ಮುಖ ಬೆಳಗುತ್ತದಂತೆ. ಕನ್ನಡಿ ನೋಡಿಕೊಂಡೆ. ಕಣ್ಣು ಊದಿತ್ತು.

ಸೆಪ್ಟೆಂಬರ್ 17, ಭಾನುವಾರ

ಹೊಸ ವರ್ಷದ ಹತ್ತನೇ ದಿನ ಬರುವ ಪ್ರಾಯಶ್ಚಿತ್ತದ ಉಪವಾಸದೊಳಗೆ ನೊಂದವರ ಮನೆಗೆ ಹೋಗಿ ಕ್ಷಮೆ ಕೇಳಬೇಕು. ದೇವರು ತನ್ನ ವಿಷಯ ಮಾತ್ರ ಮನ್ನಿಸುತ್ತಾನೆ, ಮನುಷ್ಯರದ್ದು ಮನುಷ್ಯರ ಹತ್ತಿರವೇ. ಒಂದು ಸಲಕ್ಕೆ ಆಗದಿದ್ದರೆ ಮೂರು ಸಲ ಹೋಗಬೇಕು.

ಅಣ್ಣನ ಮನೆಗೆ ಹೋದೆ. ಮಂಡಿಯೂರಿ ನಮಸ್ಕಾರ ಹೇಳಿದೆ. ಅವನು ಅಂಗಳದಲ್ಲಿ ಕಾಫಿ ಬೀಜ ಹರವುತ್ತಿದ್ದ, ಹರವುತ್ತಲೇ ಇದ್ದ. ಅತ್ತಿಗೆ ನೀರು ತಂದಿಟ್ಟಳು. ಹದಸ್ಸಾ ಮನೆಯಲ್ಲಿರಲಿಲ್ಲ, ಅಥವಾ ಇದ್ದಳು, ಬರಲಿಲ್ಲ. ನೀರು ಕುಡಿದು ಎದ್ದು ಬಂದೆ.

ಯಾವುದಕ್ಕೆ ಕ್ಷಮೆ ಕೇಳಿದೆ ಅಂತ ದಾರಿಯಲ್ಲಿ ಯೋಚಿಸಿದೆ. ಸುಮ್ಮನಿದ್ದದ್ದಕ್ಕೋ, ಸೆಕೆ ಅಂದದ್ದಕ್ಕೋ? ಸುಮ್ಮನಿದ್ದದ್ದು ಸರಿ ಅಂತ ಈಗಲೂ ಅರ್ಧ ಅನ್ನಿಸುತ್ತದೆ. ಅರ್ಧ ಅನ್ನಿಸುವವಳು ಪೂರ್ತಿ ಕ್ಷಮೆ ಕೇಳಬಹುದೆ?

ಸೆಪ್ಟೆಂಬರ್ 20, ಬುಧವಾರ. ಹೊಸ ವರ್ಷದ ಹಿಂದಿನ ಸಂಜೆ

ಜೇನುತುಪ್ಪ ತಂದಿದ್ದೇನೆ. ಪ್ರತಿ ವರ್ಷ ಅಣ್ಣನ ಮನೆಯಲ್ಲಿ ಊಟ. ಈ ವರ್ಷ ಕರೆ ಬಂದಿಲ್ಲ. ಎರಡು ಮೊಳ ಬಿಳಿ ಬಟ್ಟೆ ಹಾಸಿ ಒಬ್ಬಳೇ...

ಜಲಿಯಾ ಒಂದು ಡಬ್ಬಿ ಪಿಲಾವ್ ಕೊಟ್ಟು ಹೋದಳು. ಮಾಂಸ ಹಾಕಿಲ್ಲ ಅಕ್ಕಾ, ನಿಮ್ಮ ಕಟ್ಟಳೆ ನಂಗೊತ್ತು, ಹೊಸ ಪಾತ್ರೇಲಿ ಮಾಡಿದ್ದು ಅಂದಳು.

ಸೆಪ್ಟೆಂಬರ್ 24, ಭಾನುವಾರ. ಸಂಜೆ

ಹದಸ್ಸಾ ಬಂದಳು. ಗಿರಾಕಿಗಳು ಹೋಗಿ, ಜಲಿಯಾ ಕಸ ಗುಡಿಸುತ್ತಿದ್ದಳು. ನೇರ ಕುರ್ಚಿಯಲ್ಲಿ ಕೂತು, "ಬಿಚ್ಚು" ಅಂದಳು. ನಿಶ್ಚಯಕ್ಕೆ ಅಂತ ನಾನೇ ಹೆಣೆದ ಜಡೆಗಳು. ಬಿಚ್ಚಲು ಶುರು ಮಾಡಿದೆ. ಜಲಿಯಾ ತಾನಾಗಿಯೇ ಕಸದ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.

"ನಂಗೆ ಅವನ ಮೇಲೆ ಸಿಟ್ಟಿಲ್ಲ" ಅಂದಳು ಕನ್ನಡಿಗೆ. "ನಿಮ್ಮ ಮೇಲೆ ಸಿಟ್ಟು. ಎಲ್ಲರ ಮೇಲೆ. ಅವರಮ್ಮ ಹೇಳಬೇಡ ಅಂತಾರೆ, ನೀನು ಅವನೇ ಹೇಳಲಿ ಅಂತೀಯ, ಅಪ್ಪ ನಂಗ್ಯಾಕೆ ಹೇಳಿಲ್ಲ ಅಂತ ಕೂಗಾಡ್ತಾನೆ. ನಂಗೆ! ನಂಗ್ಯಾಕೆ ಹೇಳಿಲ್ಲ ಅಂತ! ಮದುವೆ ಆಗೋದು ಅಪ್ಪನಾ?"

"ತಪ್ಪಾಯ್ತು ಕಂದ."

"ಯಾವುದು ತಪ್ಪು?"

"ಅದು ಗೊತ್ತಿದ್ರೆ ಇಷ್ಟೊತ್ತಿಗೆ ಕೇಳಿ ಮುಗಿಸ್ತಿದ್ದೆ."

ಕೂದಲು ಅರ್ಧ ಬಿಚ್ಚಿತ್ತು, ಅರ್ಧ ಹಾಗೇ ಇತ್ತು.

"ಅವನು ಬಿದ್ದಾಗ ಏನು ಮಾಡಬೇಕು?"

"ಹಾಂ?"

"ನೀನು ನೋಡಿದ್ದೀಯಲ್ಲ. ಸೋದರತ್ತೆ ಅಲ್ವಾ, ಮದುವೆಗೆ ಮುಂಚೆ ಕಲಿಸಬೇಕಾದ್ದು ಕಲಿಸಬೇಕಲ್ವಾ? ಕಲಿಸು. ಆಗ್ತೀನೋ ಬಿಡ್ತೀನೋ ಇನ್ನೂ ಗೊತ್ತಿಲ್ಲ. ಗೊತ್ತಾಗಬೇಕಾದ್ರೆ ಇದು ಗೊತ್ತಿರಬೇಕು."

ಸೋದರತ್ತೆ ಮದುವಣಗಿತ್ತಿಗೆ ಬಾಗಿಲು ಹಾಕಿಕೊಂಡು ಏನೇನೋ ಕಲಿಸುತ್ತಾಳೆ. ನನ್ನ ಅತ್ತೆ ನನಗೆ ಕಲಿಸಿದ್ದು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಇದನ್ನು ಯಾರೂ ಕಲಿಸಿರಲಿಲ್ಲ. ಬಾಗಿಲು ಹಾಕಿದೆ. ನೆಲದ ಮೇಲೆ ನಾನೇ ಮಲಗಿದೆ, ಕೂದಲ ಚೂರುಗಳ ಮೇಲೆ.

"ಹಿಡ್ಕೋಬೇಡ. ಬಾಯಿಗೆ ಏನೂ ಹಾಕಬೇಡ, ಜನ ಚಮಚ ಅಂತಾರೆ, ಬೇಡ. ಸುತ್ತ ಇರೋದನ್ನ ಸರಿಸು. ಈಗ ಭುಜ, ಸೊಂಟ. ತಿರುಗಿಸು."

"ಅಯ್ಯೋ ಭಾರ ಇದ್ದೀಯ ಅತ್ತೆ."

"ಅವನು ನನಗಿಂತ ಭಾರ. ಮಂಡಿ ಹಾಕು. ಹಾಂ. ತಲೆ ಕೆಳಗೆ ಬಟ್ಟೆ. ಕುತ್ತಿಗೆ ಗುಂಡಿ. ಈಗ ಕೂತ್ಕೋ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಕೂತ್ಕೋಬೇಕು. ಬಿಟ್ಟು ಹೋಗಬಾರದು. ಅಷ್ಟೇ."

ಅವಳ ಕೈ ನನ್ನ ಭುಜದ ಮೇಲಿತ್ತು. ನನ್ನ ಕೆನ್ನೆ ಟವೆಲ್ ಮೇಲೆ, ಕಣ್ಣೆದುರು ಡ್ರೈಯರ್‌ನ ಕಬ್ಬಿಣದ ಕಾಲು. ಬೆಟ್ಟದ ಮೇಲೆ ತೋರಾ ಇಟ್ಟ ಪೆಟ್ಟಿಗೆಯ ಪರದೆ ಸರಿಸಿದಾಗ ಎಲ್ಲರೂ ಎದ್ದು ನಿಲ್ಲುತ್ತೇವೆ. ಆಗ ಒಳಗೆಲ್ಲ ಒಂದು ತರಹ ನಿಂತುಹೋಗುತ್ತದೆ. ಹಾಗೇ ಆಯಿತು. ಅಂಗಡಿಯ ನೆಲದಲ್ಲಿ, ಕೂದಲು ನೇರ ಮಾಡುವ ರಿಲ್ಯಾಕ್ಸರ್ ವಾಸನೆಯಲ್ಲಿ. ಯಾವ ಪ್ರಾರ್ಥನೆಯೂ ಹೇಳಿರಲಿಲ್ಲ. ತಪ್ಪಾಗಿ ತಿಳಿದೆನೋ ಏನೋ. ನೆಲ ತಣ್ಣಗಿತ್ತು, ಅದೂ ಇರಬಹುದು.

ಜಲಿಯಾ ಕಿಟಕಿಯಲ್ಲಿ ಇಣುಕಿ ಕಿರುಚಿದಳು. "ಏನಾಯ್ತು ಅಕ್ಕನಿಗೆ!"

ಹದಸ್ಸಾ ನಕ್ಕಳು. ಆಮೇಲೆ ಅತ್ತಳು. ಆಮೇಲೆ ಉಳಿದ ಜಡೆ ಬಿಚ್ಚಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹೋದಳು. ಮತ್ತೆ ಹೆಣೆ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಸೆಪ್ಟೆಂಬರ್ 26, ಮಂಗಳವಾರ

ನಿನ್ನೆ ಹದಸ್ಸಾ ಎಲ್ದಾದನನ್ನು ಕರೆದುಕೊಂಡು ಕ್ಲಿನಿಕ್‌ಗೆ ಹೋಗಿದ್ದಳು. ಅವಳೇ ಬೋಡಾ ಮಾಡಿಸಿ. ಅವನು ಇದುವರೆಗೆ ಕ್ಲಿನಿಕ್ ಬಾಗಿಲು ತುಳಿದಿರಲಿಲ್ಲ. ಯಾರಾದರೂ ನೋಡಿಯಾರು ಅಂತ ತಾಯಿಗೆ ಹೆದರಿಕೆ, ಬೇರುನಾರು ಅರೆದು ಕುಡಿಸುತ್ತಿದ್ದಳಂತೆ. ಈಗ ದಿನಾ ಮಾತ್ರೆ. ಮಾತ್ರೆ ತಪ್ಪಿಸದಿದ್ದರೆ ಬೀಳುವುದು ಬಹಳ ಕಡಿಮೆಯಾಗಬಹುದು, ನಿಂತೇ ಹೋಗಲೂಬಹುದು ಅಂದರಂತೆ ಡಾಕ್ಟರ್. ಇದು ಮೂರ್ಛೆರೋಗ, ದೆವ್ವ ಅಲ್ಲ, ಅಂಟುವುದಲ್ಲ ಅಂತ ಅವಳು ಅಪ್ಪನಿಗೆ ಮೂರು ಸಲ ಹೇಳಿದಳಂತೆ.

ಮದುವೆ ಡಿಸೆಂಬರಿನ ಹನುಕ್ಕಾ ಹಬ್ಬಕ್ಕೆ ಮುಂದೂಡಿದ್ದಾಳೆ. ಹಬ್ಬದವರೆಗೆ ಮಾತ್ರೆ, ಆಮೇಲೆ ಅವಳ ಮಾತು. ಅಲ್ಲಿಯವರೆಗೂ ಯಾರೂ ಪರವಾಗಿ ಬರಬೇಡಿ, ವಿರೋಧವಾಗಿಯೂ ಬರಬೇಡಿ ಅಂದಿದ್ದಾಳೆ.

ಇದನ್ನೆಲ್ಲ ಹೇಳಿದ್ದು ಅತ್ತಿಗೆ, ಬೇಲಿಯ ಹತ್ತಿರ, ಪಿಸುದನಿಯಲ್ಲಿ. ನಾನು ಎರಡನೇ ಸಲ ಹೋಗಿದ್ದೆ. ಅಣ್ಣ ಈ ಸಲ ತಲೆಯೆತ್ತಿ ನೋಡಿದ.

"ಅಣ್ಣಾ, ನಿನಗೆ ಸೆಕೆ ಅಂದದ್ದು ತಪ್ಪು."

"ಅದೊಂದೇನಾ?"

ಹೂಂ ಅಂದರೆ ಹೊಸ ಜಗಳ. ಇಲ್ಲ ಅಂದರೆ ಸುಳ್ಳು. ನಿಂತೇ ಇದ್ದೆ. ಅವನು ಒಳಗೆ ಹೋದ.

ಸೆಪ್ಟೆಂಬರ್ 28, ಗುರುವಾರ

ಎಲ್ದಾದನ ತಾಯಿ ಬಂದಳು! ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಬಂದು ಆ ಕುರ್ಚಿಯಲ್ಲೇ ಕೂತಳು. ಜಲಿಯಾ ಕೈಯಿಂದ ಬಾಚಣಿಗೆ ಬಿತ್ತು.

"ನಾಳೆ ಉಪವಾಸ ಹಿಡೀಬೇಕು. ತಲೆ ತೊಳಿ."

ಬೇಸಿನ್‌ಗೆ ಅವಳ ತಲೆ ಬಾಗಿಸಿದೆ. ಬೆರಳಿಗೆ ಅವಳ ತಲೆಬುರುಡೆ ಸಿಗುತ್ತಿತ್ತು, ಚಿಕ್ಕದು, ಹೆಣ್ಣುಮಗುವಿನದರ ಹಾಗೆ. ಕಣ್ಣು ಮುಚ್ಚಿಯೇ ಹೇಳಿದಳು.

"ಅವನೇ ಹೇಳಿದ್ದಂತೆ. ನಿನ್ನೆ ಒಪ್ಪಿಕೊಂಡ."

ನೀರು ಹಾಕಿದೆ.

"ಬೀದಿಯಲ್ಲಿ ಅಷ್ಟು ಬೈದೆ. ನೀನು ಅವತ್ತೇ ಹೇಳಬಹುದಿತ್ತು."

"ಹೂಂ."

"ಯಾಕೆ ಹೇಳ್ಲಿಲ್ಲ?"

"ಗೊತ್ತಿಲ್ಲ ಎಲ್ದಾದ್ ಅಮ್ಮಾ."

ಸತ್ಯವಾಗಿಯೂ ಗೊತ್ತಿಲ್ಲ. ಮಗನಿಗೆ ಕೊಟ್ಟ ಮಾತಿಗೋ. ಪಾಠಕ್ಕೋ. ಬೀದಿಯಲ್ಲಿ ಅನ್ಯಾಯವಾಗಿ ಬೈಸಿಕೊಳ್ಳುವುದರಲ್ಲೂ ಒಂದು ರುಚಿ ಇತ್ತೆ? ಇತ್ತೇನೋ. ನಾಳಿದ್ದು ಎದೆ ತಟ್ಟಿಕೊಂಡು ಹೇಳುವ ಪಾಪಗಳಲ್ಲಿ ಅದಕ್ಕೆ ಹೆಸರಿದೆಯೋ ಇಲ್ಲವೋ.

ಅವಳು ಬೇಸಿನ್‌ನೊಳಗೆ ಏನೋ ಅಂದಳು. ನಲ್ಲಿ ಜೋರಾಗಿತ್ತು. ಕ್ಷಮಿಸು ಅಂದಳೋ, ನೀರು ಬಿಸಿ ಅಂದಳೋ. ನಲ್ಲಿ ನಿಲ್ಲಿಸಿದೆ. ಮತ್ತೆ ಹೇಳಲಿಲ್ಲ. ಎರಡಕ್ಕೂ ಇರಲಿ ಅಂತ ತಣ್ಣೀರು ಬೆರೆಸಿದೆ, "ಪರವಾಗಿಲ್ಲ" ಅಂದೆ.

ಸುರುಳಿ ಸುತ್ತಿಸಿಕೊಂಡು, ಒಣಗುವ ತನಕ ಕೂತಿದ್ದಳು. ಹೋಗುವಾಗ ಕೇಳಿದಳು. "ಆ ಹುಡುಗಿ ನನ್ನ ಮಗನ್ನ ಬಿಡ್ತಾಳಾ?"

"ಅವಳನ್ನೇ ಕೇಳಿ."

"ಹೆದರಿಕೆ ಆಗುತ್ತೆ" ಅಂದಳು, ಎಲ್ಲರೆದುರು ಮಗನಿಗಾಗಿ ಬೀದಿ ನಡುಗಿಸಿದ ಹೆಂಗಸು.

ಸೆಪ್ಟೆಂಬರ್ 29, ಶುಕ್ರವಾರ. ಐದು ಗಂಟೆ ದಾಟಿದೆ

ಉಪವಾಸಕ್ಕೆ ಮುಂಚಿನ ಊಟ ಮುಗಿಯಿತು. ಸ್ವಲ್ಪವೇ ಸೇರಿತು. ಬಿಳಿ ಸೀರೆಯಂಥ ಉದ್ದ ಬಟ್ಟೆ ಇಸ್ತ್ರಿ ಮಾಡಿ ಉಟ್ಟಿದ್ದೇನೆ. ಉಪವಾಸದಲ್ಲಿ ಚರ್ಮದ ಚಪ್ಪಲಿ ಕೂಡದು, ತೆಗೆದಿಟ್ಟು ರಬ್ಬರಿನದು ಮೆಟ್ಟಿದ್ದೇನೆ.

ಮೂರನೇ ಸಲ ಅಣ್ಣನ ಹತ್ತಿರ ಹೋಗಬೇಕು, ಬೆಟ್ಟಕ್ಕೆ ಹೋಗುವ ದಾರಿಯಲ್ಲೇ. ಏನು ಹೇಳುವುದು ಅಂತ ಬರೆದು ನೋಡೋಣ ಅಂತ ಕೂತೆ. ನಾನು ಸುಮ್ಮನಿದ್ದದ್ದು ಸರಿ ಅಂತ ಹೇಳಲಾರೆ. ತಪ್ಪು ಅಂತ ಪೂರ್ತಿ ಹೇಳಲಾರೆ. ನಿನಗೆ ನೋವಾಯಿತು, ಅದು ನನ್ನಿಂದ — ಇಷ್ಟು ಮಾತ್ರ ಅನುಮಾನವಿಲ್ಲದೆ ಹೇಳಬಲ್ಲೆ. ಸಾಕಾಗುತ್ತದೆಯೆ? ಅವನಿಗೆ ಸಾಕಾಗದಿದ್ದರೆ

ಯಾರೋ ದಾರಿಯಲ್ಲಿ. ಬಿಳಿ ಬಟ್ಟೆ. ಅಣ್ಣನೇ. ಒಬ್ಬನೇ ಬರುತ್ತಿದ್ದಾನೆ. ಅವನ ಮನೆಯಿಂದ ಬೆಟ್ಟಕ್ಕೆ ಇದು ದಾರಿಯಲ್ಲ.

ಅಂಗಳದಲ್ಲಿ ನಿಂತ. ಕೆಮ್ಮಿದ. ಬಿಸಿಲು ಗೋಡೆಯ ಮೇಲಿನ ಅಂಚಿನಲ್ಲಷ್ಟೇ ಉಳಿದಿದೆ, ಹೊತ್ತು ಮುಳುಗಿದರೆ ಬರೆಯುವ ಹಾಗಿಲ್ಲ.

"ಪೆನಿನಾ, ಒಳಗಿದ್ದೀಯಾ?"

ಇದ್ದೀನಿ ಅಣ್ಣಾ, ಅಂದೆ. ಬಂದೆ, ಅಂತ ಪುಸ್ತಕ ಮುಚ್ಚಿಡುತ್ತಿದ್ದೇನೆ.